ಮಾವನವರ ಹಳ್ಳಿಯ ಪುಸ್ತಕದಲ್ಲಿ ನಮ್ಮ ಹೆಸರು ಸೇರಿಸಿದ್ದು

ಗ್ರೀಸ್ ದೇಶದ ದಾಖಲೆಗಳಲ್ಲಿ ನಮ್ಮ ಮಾವನವರು ಮೊನ್ನೆ ಮೊನ್ನೆಯವರೆಗೂ ಮದುವೆಯಾಗದ ಹುಡುಗ. ಅವರಿಗೆ ಎಂಬತ್ತು ದಾಟಿದೆ. ಮೂವರು ಮಕ್ಕಳು, ಮೊಮ್ಮಕ್ಕಳು, ಮೆಲ್ಬರ್ನ್‌ನಲ್ಲಿ ಸ್ವಂತ ಮನೆ, ಹಿತ್ತಲಲ್ಲಿ ಆಲಿವ್ ಮರ, ಎಲ್ಲ ಇದೆ. ಆದರೆ ಅವರು ಹುಟ್ಟಿದ ಲೆಸ್ವೋಸ್ ದ್ವೀಪದ ಪುರಸಭೆಯ ಪುಸ್ತಕದಲ್ಲಿ, 1964ರಲ್ಲಿ ಹಡಗು ಹತ್ತಿದಾಗ ಹೇಗಿದ್ದರೋ ಹಾಗೇ ಉಳಿದಿದ್ದರು. ಅಪ್ಪನ ಮನೆಯಲ್ಲಿರುವ ಮಗ, ಅವಿವಾಹಿತ. ಆಮೇಲೆ ಆದದ್ದನ್ನು ಯಾರೂ ಅಲ್ಲಿಗೆ ತಿಳಿಸಿರಲಿಲ್ಲ. ತಿಳಿಸಬೇಕು ಅಂತ ಯಾರಿಗೂ ಹೊಳೆದೂ ಇರಲಿಲ್ಲ.

ಇದು ಗೊತ್ತಾಗಿದ್ದು ಮಗಳ ದೆಸೆಯಿಂದ. ನಾನು ಮೈಸೂರಿನವಳು. ಕೆಲಸಕ್ಕೆ ಅಂತ ಮೆಲ್ಬರ್ನ್‌ಗೆ ಬಂದು, ಇಲ್ಲೇ ಹುಟ್ಟಿ ಬೆಳೆದ ಗ್ರೀಕ್ ಮನೆಯ ಹುಡುಗನನ್ನು ಮದುವೆಯಾದೆ. ಮಗಳು ಪಿಯುಸಿ ಮಟ್ಟಕ್ಕೆ ಬಂದಾಗ ಯುರೋಪಿನಲ್ಲಿ ಓದುತ್ತೇನೆ ಅಂದಳು. ಪಪ್ಪೂ ಗ್ರೀಸಿನವರಲ್ವಾ, ನಮಗೂ ಆ ಪಾಸ್‌ಪೋರ್ಟ್ ಸಿಗಲ್ವಾ ಅಂತ ಕೇಳಿದಳು. ಪಪ್ಪೂ ಅಂದರೆ ತಾತ, ಯಾಯಾ ಅಂದರೆ ಅಜ್ಜಿ. ನಮ್ಮ ಮನೆಯಲ್ಲಿ ಮೆಲ್ಬರ್ನ್ ಕಡೆಯವರು ಯಾಯಾ, ಪಪ್ಪೂ. ಮೈಸೂರಿನ ಕಡೆಯವರು ಅಜ್ಜಿ, ತಾತ. ಮಗಳಿಗೆ ಚಿಕ್ಕಂದಿನಿಂದ ಗೊಂದಲವೇ ಆಗಿಲ್ಲ.

ಕಾನೂನು ಕೇಳಲು ಸುಲಭ. ಅಪ್ಪ ಗ್ರೀಕ್ ಪ್ರಜೆಯಾಗಿದ್ದರೆ ಮಗು ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಹುಟ್ಟಿದ ಗಳಿಗೆಯಿಂದಲೇ ಗ್ರೀಕ್ ಪ್ರಜೆ. ಆದರೆ ಅದು ಪುಸ್ತಕಕ್ಕೆ ಏರಬೇಕು. ಗ್ರೀಸಿನ ಪ್ರತಿ ಪುರಸಭೆಯಲ್ಲೂ ದಿಮೊತೊಲೊಯಿಯೊ ಅಂತ ಒಂದು ಕುಟುಂಬ ಪಟ್ಟಿ ಇರುತ್ತೆ. ಒಂದೊಂದು ಸಂಸಾರಕ್ಕೆ ಒಂದೊಂದು ಪುಟ: ಗಂಡ, ಹೆಂಡತಿ, ಮಕ್ಕಳು, ಅವರ ಅಪ್ಪ ಅಮ್ಮಂದಿರ ಹೆಸರು, ಹುಟ್ಟಿದ ಊರು. ಗಂಡಸರಿಗೆ ಇದರ ಜೊತೆ ಇನ್ನೊಂದು ಪಟ್ಟಿಯೂ ಇದೆ. ಸೇನೆಗೆ ಕರೆಯಲು ಮಾಡಿಕೊಂಡದ್ದು. ಈಗ ಎಲ್ಲ ಕಂಪ್ಯೂಟರ್‌ಗೆ ಬಂದಿದ್ದರೂ ಲೆಕ್ಕಾಚಾರ ಅದೇ. ಮಗಳ ಹೆಸರು ಸೇರಬೇಕಾದರೆ ಅವಳಪ್ಪನ ಹೆಸರು ಇರಬೇಕು. ಇವರ ಹೆಸರು ಸೇರಬೇಕಾದರೆ ಇವರ ಅಪ್ಪ ಅಮ್ಮನ ಮದುವೆ ಅಲ್ಲಿ ದಾಖಲಾಗಿರಬೇಕು. ಅದು ಆಗಿರಲಿಲ್ಲ. ಹಾಗಾಗಿ ಮಗಳಿಗೆ ಅಂತ ಶುರುವಾದ ಕೆಲಸ 1967ರಲ್ಲಿ ಮೆಲ್ಬರ್ನ್‌ನ ಒಂದು ಗ್ರೀಕ್ ಚರ್ಚಿನಲ್ಲಿ ನಡೆದ ಮದುವೆಗೆ ಹೋಗಿ ನಿಂತಿತು.

ಮೊದಲ ತೊಡಕು, ಆ ಪುಸ್ತಕ ಎಲ್ಲಿದೆ ಅನ್ನುವುದು. ಮಾವನವರ ಹಳ್ಳಿ ಇರುವುದು ಗೇರಾ ಕೊಲ್ಲಿಯ ದಡದಲ್ಲಿ. ಅವರು ಹೊರಟಾಗ ಹಳ್ಳಿಗೆ ಅದರದ್ದೇ ಪಂಚಾಯ್ತಿ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿ ಒಂದು ಪುರಸಭೆ ಮಾಡಿದರು. 2011ರಲ್ಲಿ ಇಡೀ ದ್ವೀಪವೇ ಒಂದು ಪುರಸಭೆ ಆಯಿತು. 2019ರಲ್ಲಿ ಅದನ್ನು ಮತ್ತೆ ಮಿತಿಲೀನಿ ಮತ್ತು ಪಶ್ಚಿಮ ಲೆಸ್ವೋಸ್ ಅಂತ ಎರಡು ಮಾಡಿದರು. ಗೇರಾ ಈಗ ಮಿತಿಲೀನಿಗೆ ಸೇರುತ್ತೆ. ಮಾವನವರು ಹೇಳುತ್ತಿದ್ದ ಪಂಚಾಯ್ತಿಯ ಹೆಸರು ಬರೆದು ಕಳಿಸಿದ ಮೊದಲ ಪತ್ರಕ್ಕೆ ಉತ್ತರವೇ ಬರಲಿಲ್ಲ. ಕೊನೆಗೆ ಊರಿನಲ್ಲಿರುವ ಮಾವನವರ ಅಕ್ಕನ ಮಗ ತಾವೇ ಕಚೇರಿಗೆ ಹೋಗಿ ನಿಂತು ಕುಟುಂಬ ಸ್ಥಿತಿಯ ಪತ್ರ ಮಾಡಿಸಿ ಫೋಟೊ ತೆಗೆದು ಕಳಿಸಿದರು. ಊರಿನಲ್ಲಿ ನಮ್ಮವರು ಅಂತ ಒಬ್ಬರು ಇದ್ದರೆ ಕೆಲಸ ಎಷ್ಟು ಹಗುರ ಆಗುತ್ತೆ ಅನ್ನುವುದು ಊರು ಬಿಟ್ಟವರಿಗೆಲ್ಲ ಗೊತ್ತಿರುವ ಮಾತು.

ಎರಡನೇ ತೊಡಕು ಹೆಸರು. ಗ್ರೀಕ್ ಅಕ್ಷರಗಳಲ್ಲಿರುವ ಹೆಸರನ್ನು 1964ರಲ್ಲಿ ಇಂಗ್ಲಿಷ್‌ಗೆ ತಂದವರು ಹಡಗಿನ ಗುಮಾಸ್ತರು, ಕ್ಯಾಂಪಿನ ಗುಮಾಸ್ತರು, ಕಾರ್ಖಾನೆಯ ಗುಮಾಸ್ತರು. ಒಬ್ಬೊಬ್ಬರದು ಒಂದೊಂದು ಥರ. ಗಿಯೋರ್ಗಿಯೋಸ್ ಜಾರ್ಜ್ ಆದರು, ದಿಮಿತ್ರಿಯೋಸ್ ಜಿಮ್ ಆದರು, ಕಾನ್‌ಸ್ಟಾಂಟಿನೋಸ್ ಕಾನ್ ಆದರು. ಅಥನಾಸಿಯೋಸ್ ಅನ್ನುವವರು ಆರ್ಥರ್ ಆಗಿರುವುದನ್ನೂ ನೋಡಿದ್ದೇನೆ. ಹೆಂಗಸರದು ಇನ್ನೊಂದು ರೀತಿ. ಗ್ರೀಕ್‌ನಲ್ಲಿ ಮನೆತನದ ಹೆಸರು ಗಂಡಸಿಗೆ ಒಂದು ರೂಪ, ಹೆಂಗಸಿಗೆ ಇನ್ನೊಂದು ರೂಪ. ಅತ್ತೆಯವರ ತೌರಿನ ಹೆಸರು ಗ್ರೀಸಿನಲ್ಲಿ ಒಂದು ರೀತಿ ಕೊನೆಯಾಗುತ್ತೆ, ಆಸ್ಟ್ರೇಲಿಯಾದ ಮದುವೆ ಪತ್ರದಲ್ಲಿ ಅವರಪ್ಪನ ರೂಪದಲ್ಲೇ ಇದೆ. ಓದಿದವರಿಗೆ ಇದು ಒಂದೇ ಹೆಸರು. ಕಚೇರಿಗೆ ಮಾತ್ರ ಇಬ್ಬರು ಬೇರೆ ಬೇರೆ ಹೆಂಗಸರು. ಇವರೂ ಅವರೂ ಒಬ್ಬರೇ ಅಂತ ಬರೆಸಿ ಸಹಿ ಮಾಡಿಸುವುದೇ ಒಂದು ದೊಡ್ಡ ಕೆಲಸವಾಯಿತು.

ಆಗ ನಾನು ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಗಳ ಭಂಡಾರ ಹುಡುಕಲು ಶುರು ಮಾಡಿದೆ. ವಲಸೆ ಬಂದವರ ಕಾಗದಗಳು ಅಲ್ಲಿವೆ. ಹೆಸರು ಹಾಕಿ ಮನೆಯಲ್ಲೇ ಕೂತು ಹುಡುಕಬಹುದು. ಕಂಪ್ಯೂಟರ್‌ಗೆ ಏರದ ಕಡತವಿದ್ದರೆ ದುಡ್ಡು ಕಟ್ಟಿ ಪ್ರತಿ ತರಿಸಿಕೊಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ, ಹುಡುಕುವವರಿಗೆ ಉಪಯೋಗಕ್ಕೆ ಬರಬಹುದು. ಗ್ರೀಸಿನ ಹಡಗುಗಳು ಆಸ್ಟ್ರೇಲಿಯಾದಲ್ಲಿ ಮೊದಲು ಮುಟ್ಟುತ್ತಿದ್ದದ್ದು ಪಶ್ಚಿಮದ ಫ್ರೀಮ್ಯಾಂಟಲ್ ಬಂದರು. ಅಲ್ಲಿಂದ ಮೆಲ್ಬರ್ನ್, ಆಮೇಲೆ ಸಿಡ್ನಿ. ಮೆಲ್ಬರ್ನ್‌ನಲ್ಲಿ ಇಳಿದವರ ಕಾಗದವೂ ಎಷ್ಟೋ ಸಲ ಫ್ರೀಮ್ಯಾಂಟಲ್ ಕಡೆಯ ಪಟ್ಟಿಯಲ್ಲೇ ಸಿಗುತ್ತೆ. ಮಾವನವರದ್ದೂ ಹಾಗೇ ಸಿಕ್ಕಿತು. ಎಸ್ ಇರಬೇಕಾದ ಕಡೆ ಝಡ್ ಹಾಕಿದ ಹೆಸರಿನಲ್ಲಿ.

ಆ ಕಡತ ಬಂದ ದಿನ ಮನೆಯವರೆಲ್ಲ ಊಟದ ಮೇಜಿನ ಸುತ್ತ ಸೇರಿದ್ದೆವು. ಅರ್ಜಿ, ವೈದ್ಯರ ಪರೀಕ್ಷೆ, ಎದೆಯ ಎಕ್ಸ್‌ರೇ ವರದಿ, ಎರಡು ವರ್ಷ ಸರ್ಕಾರ ಹೇಳಿದ ಕಡೆ ಕೆಲಸ ಮಾಡುತ್ತೇನೆ ಅಂತ ಸಹಿ ಮಾಡಿದ ಹಾಳೆ, ಒಂದು ಚಿಕ್ಕ ಫೋಟೊ. ಇಪ್ಪತ್ತನಾಲ್ಕರ ಹುಡುಗ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಭುಜದ ಹತ್ತಿರ ಸಡಿಲವಾದ ಕಪ್ಪು ಕೋಟು. ಕೋಟಿನ ಎಡಗಡೆ ಮೇಲಿನ ಗುಂಡಿ ಬೇರೆ ಬಣ್ಣದ್ದು. ಮಾವನವರು ಕನ್ನಡಕ ಏರಿಸಿ ನೋಡಿದರು. "ಈ ಕೋಟು ನಂದಲ್ಲ" ಅಂದರು. "ನಮ್ಮೂರಿನ ದರ್ಜಿಯದು. ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಿದ ಹುಡುಗರೆಲ್ಲ ಇದೇ ಕೋಟು ಹಾಕ್ಕೊಂಡು ಫೋಟೊ ತೆಗೆಸ್ಕೊಂಡ್ವಿ." ಆಮೇಲೆ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರು. ಯಾರು ಮೆಲ್ಬರ್ನ್‌ಗೆ ಬಂದರು, ಯಾರು ಸಿಡ್ನಿಗೆ ಹೋದರು, ಯಾರ ಎಕ್ಸ್‌ರೇಯಲ್ಲಿ ಕಲೆ ಕಂಡು ಊರಿನಲ್ಲೇ ಉಳಿದರು. ಅಷ್ಟು ವರ್ಷ ಅವರ ಜೊತೆ ಇದ್ದೂ ನಾವು ಯಾರೂ ಕೇಳಿರದ ಮಾತುಗಳು.

ಅಲ್ಲಿಂದ ಮಾವನವರು ಮಾತಾಡಲು ಶುರು ಮಾಡಿದರು. ಅದಕ್ಕೆ ಮೊದಲು "ಹೇಗಿತ್ತು ಮಾವ ಆಗ?" ಅಂತ ಕೇಳಿದರೆ "ಬಡತನ ಇತ್ತು, ಬಂದ್ವಿ" ಅಂತ ಮುಗಿಸಿಬಿಡುತ್ತಿದ್ದರು. ಕಾಗದ ಮುಂದಿಟ್ಟರೆ ಬೇರೆಯೇ ಆಗುತ್ತೆ. ಇದು ಯಾರ ಸಹಿ, ಈ ಮೊಹರು ಎಲ್ಲಿ ಹಾಕಿದ್ದು ಅಂತ ಕೇಳಿದರೆ ಆ ಕೋಣೆ, ಆ ಸಾಲು, ಆ ಮನುಷ್ಯ ಎಲ್ಲ ಅವರ ಕಣ್ಣ ಮುಂದೆ ಬರುತ್ತೆ. ನಾನು ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಲು ಶುರು ಮಾಡಿದ್ದು ಆಗಲೇ.

ಅವರು ಹೇಳಿದ್ದನ್ನು ಸ್ವಲ್ಪ ಬರೆಯುತ್ತೇನೆ. ಲೆಸ್ವೋಸ್ ಅಂದರೆ ಆಲಿವ್ ಮರಗಳ ದ್ವೀಪ. ತೋಟಗಳು ಇದ್ದವು, ಆದರೆ ಅವರದ್ದಲ್ಲ. ಚಳಿಗಾಲದಲ್ಲಿ ಗಂಡಸರು ಕೋಲಿನಿಂದ ಕೊಂಬೆ ಬಡಿಯುವುದು, ಹೆಂಗಸರು ಮಕ್ಕಳು ಬಗ್ಗಿ ಕಾಯಿ ಆರಿಸುವುದು, ಕೂಲಿಗೆ ಎಣ್ಣೆ ತೆಗೆದುಕೊಳ್ಳುವುದು. ಅವರು ಹುಟ್ಟಿದ್ದು ಯುದ್ಧದ ಕಾಲದಲ್ಲಿ. 1941ರ ಮೇನಲ್ಲಿ ಜರ್ಮನ್ನರು ದ್ವೀಪ ಹಿಡಿದರು. ಆ ವರ್ಷದ ಚಳಿಗಾಲದಲ್ಲಿ ಗ್ರೀಸಿನಾದ್ಯಂತ ಕ್ಷಾಮ. ಅದು ಮುಗಿಯಿತು ಅನ್ನುವಷ್ಟರಲ್ಲಿ 1946ರಿಂದ 49ರವರೆಗೆ ಗ್ರೀಕರ ಗ್ರೀಕರ ನಡುವೆಯೇ ಯುದ್ಧ. 1952ರಲ್ಲಿ ಗ್ರೀಸೂ ಆಸ್ಟ್ರೇಲಿಯಾವೂ ವಲಸೆ ಒಪ್ಪಂದ ಮಾಡಿಕೊಂಡವು. ಪ್ರಯಾಣದ ಖರ್ಚಿಗೆ ನೆರವು ಸಿಗುತ್ತೆ, ಬದಲಿಗೆ ಎರಡು ವರ್ಷ ಕೆಲಸ. ಹಳ್ಳಿಯಿಂದ ಒಬ್ಬ ಹೋದ, ಅವನು ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವಮೈದುನನನ್ನು ಕರೆಸಿಕೊಂಡ. ನಮ್ಮ ಮಾವನವರೂ ಆಮೇಲೆ ತಮ್ಮನನ್ನು ಕರೆಸಿಕೊಂಡರು.

ಹಡಗಿನ ಹೆಸರು ಪಾತ್ರಿಸ್. 1959ರ ಡಿಸೆಂಬರಿನಿಂದ ಗ್ರೀಸ್ ಆಸ್ಟ್ರೇಲಿಯಾ ನಡುವೆ ಓಡಾಡಿದ ಹಡಗು ಅದು. ಮೆಲ್ಬರ್ನ್‌ನಲ್ಲಿ ಆ ತಲೆಮಾರಿನ ಯಾವ ಗ್ರೀಕ್ ಮನೆಗೆ ಹೋದರೂ ಆ ಹೆಸರು ಒಂದು ಸಲವಾದರೂ ಬರುತ್ತೆ. ಪಿರೇಯಸ್ ಬಂದರಿನಿಂದ ಹೊರಟು ಸೂಯೆಜ್ ಕಾಲುವೆ ದಾಟಿ ಏಡನ್ ಮೂಲಕ ಬರುತ್ತಿತ್ತು. ಮೆಲ್ಬರ್ನ್‌ನ ಸ್ಟೇಷನ್ ಪಿಯರ್‌ನಲ್ಲಿ ಇಳಿದವರನ್ನು ರೈಲಿಗೆ ಹತ್ತಿಸಿ ಆಲ್ಬರಿ ವೊಡೊಂಗಾ ಹತ್ತಿರದ ಬೊನೆಗಿಲ್ಲಾ ಕ್ಯಾಂಪಿಗೆ ಕಳಿಸಿದರು. 1947ರಿಂದ 1971ರವರೆಗೆ 3 ಲಕ್ಷಕ್ಕೂ ಹೆಚ್ಚು ವಲಸಿಗರು ಹಾದು ಹೋದ ಜಾಗ ಅದು. ತಗಡಿನ ಶೆಡ್ಡುಗಳು, ರಾತ್ರಿ ಕೊರೆಯುವ ಚಳಿ. ಮಾವನವರಿಗೆ ಅಲ್ಲಿ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಕುರಿ ಕೊಬ್ಬಿನ ವಾಸನೆ. ಆಲಿವ್ ಎಣ್ಣೆಯಲ್ಲೇ ಬೆಳೆದ ನಾಲಿಗೆಗೆ ಆ ಅಡುಗೆ ಒಗ್ಗಲೇ ಇಲ್ಲ. ಆಗ ಈ ದೇಶದಲ್ಲಿ ಆಲಿವ್ ಎಣ್ಣೆ ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ, ಪುಟ್ಟ ಸೀಸೆಯಲ್ಲಿ, ಕಿವಿ ನೋವಿಗೆ ಹಾಕಿಕೊಳ್ಳಲು. ಮೊದಲ ಸಂಬಳದಲ್ಲಿ ಅವರು ಅಂಥ ನಾಲ್ಕು ಸೀಸೆ ತಂದು ಬ್ರೆಡ್ಡಿಗೆ ಸುರಿದುಕೊಂಡು ತಿಂದರಂತೆ.

ಅತ್ತೆಯವರ ದಾರಿ ಬೇರೆ. ಅವರು ಬಂದದ್ದು ಎರಡು ವರ್ಷ ಆದ ಮೇಲೆ, ಮದುವೆ ಗೊತ್ತಾದ ಹುಡುಗಿಯಾಗಿ. ಅದೇ ದ್ವೀಪದವರೇ ಆದರೂ ಹಳ್ಳಿ ಬೇರೆ, ಹುಡುಗನ ಮುಖ ನೋಡಿದ್ದು ಫೋಟೊದಲ್ಲಿ ಮಾತ್ರ. ಆಗ ಆಸ್ಟ್ರೇಲಿಯಾದಲ್ಲಿ ಗ್ರೀಕ್ ಗಂಡಸರು ತುಂಬ, ಹೆಂಗಸರು ಕಡಿಮೆ. 1957ರಲ್ಲಿ ಬೆಗೋನಾ ಅನ್ನುವ ಹಡಗಿನಲ್ಲಿ 900ಕ್ಕೂ ಹೆಚ್ಚು ಗ್ರೀಕ್ ಹುಡುಗಿಯರು ಒಟ್ಟಿಗೆ ಮೆಲ್ಬರ್ನ್‌ಗೆ ಬಂದಿದ್ದರು. ಆಮೇಲೂ ಹಾಗೆ ಬರುತ್ತಲೇ ಇದ್ದರು. ಅತ್ತೆ ಒಂದು ಮರದ ಪೆಟ್ಟಿಗೆ ತಂದಿದ್ದರು. ಅದು ಈಗಲೂ ಅವರ ಮಲಗುವ ಕೋಣೆಯಲ್ಲಿದೆ. ಮುಚ್ಚಳದ ಮೇಲೆ ಹಳ್ಳಿಯ ಬಡಗಿ ಬಿಳಿ ಬಣ್ಣದಲ್ಲಿ ಹುಡುಗನ ಹೆಸರು, ಮೆಲ್ಬರ್ನ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಾನೆ. ಇಂಗ್ಲಿಷ್ ಬಾರದವನು ಯಾವುದೋ ಚೀಟಿ ನೋಡಿ ನಕಲು ಮಾಡಿದ್ದು. ಒಂದು ಅಕ್ಷರ ತಿರುಗಿ ಕೂತಿದೆ. ಒಳಗೆ ಅವರಮ್ಮ ನೇಯ್ದ ಹೊದಿಕೆಗಳು, ಕಸೂತಿ ಹಾಕಿದ ದಿಂಬಿನ ಚೀಲಗಳು, ಒಂದು ಚಿಕ್ಕ ದೇವರ ಪಟ. ಎಷ್ಟೋ ಹೊದಿಕೆಗಳನ್ನು ಒಂದು ದಿನವೂ ಬಳಸಿಲ್ಲ.

ಅತ್ತೆಯವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರೆ ಏನೂ ಹೊರಡುವುದಿಲ್ಲ. ಕೈಯಲ್ಲಿ ಕೆಲಸ ಇರಬೇಕು. ಇದು ನನಗೆ ಗೊತ್ತಾಗಿದ್ದು ಹರಿವೆ ಸೊಪ್ಪಿನಿಂದ. ಹಿತ್ತಲಲ್ಲಿ ಊರಿನಿಂದ ತಂದ ಬೀಜ ಹಾಕಿದ್ದೆ. ಚೆನ್ನಾಗಿ ಬಂದಿತ್ತು. ಅತ್ತೆ ನೋಡಿದವರೇ "ವ್ಲಿತಾ!" ಅಂತ ಕೂಗಿ ಬಗ್ಗಿ ಎಳೆಯ ಕುಡಿಗಳನ್ನು ಚಿವುಟಲು ಶುರು ಮಾಡಿದರು. ಅವರೂರಿನಲ್ಲೂ ಬೇಸಿಗೆಯಲ್ಲಿ ಇದನ್ನೇ ತಿನ್ನುತ್ತಾರೆ. ನಾನು ಮಸ್ಸೊಪ್ಪು ಮಾಡಿದೆ. ಅವರು ಅರ್ಧ ಸೊಪ್ಪನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದು, ಮೇಲೆ ಆಲಿವ್ ಎಣ್ಣೆ, ನಿಂಬೆರಸ ಹಾಕಿದರು. ಅಷ್ಟೇ ಅಡುಗೆ. ಬಿಸಿ ಅನ್ನಕ್ಕೂ ಚೆನ್ನಾಗಿರುತ್ತೆ, ಮಾಡಿ ನೋಡಿ. ಆ ಸೊಪ್ಪು ಬಿಡಿಸುತ್ತಾ ಅತ್ತೆ ಕ್ಷಾಮದ ವರ್ಷದ ಕತೆ ಹೇಳಿದರು. ಅವರಮ್ಮ ಬೆಟ್ಟದ ಮೇಲೆ ಯಾವ ಯಾವ ಕಾಡುಸೊಪ್ಪು ಆರಿಸಿ ತಂದು ಮಕ್ಕಳನ್ನು ಉಳಿಸಿಕೊಂಡರು ಅಂತ. ಈಗಲೂ ಮೆಲ್ಬರ್ನ್‌ನಲ್ಲಿ ವಯಸ್ಸಾದ ಗ್ರೀಕ್ ಅಜ್ಜಿಯರು ಚಾಕು, ಚೀಲ ಹಿಡಿದು ರೈಲು ಹಳಿ ಪಕ್ಕ, ಖಾಲಿ ಜಾಗಗಳಲ್ಲಿ ಸೊಪ್ಪು ಕೀಳುವುದನ್ನು ನೋಡಬಹುದು. ಮೊದಲು ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಅಂದಿನಿಂದ ಅತ್ತೆಯ ಹತ್ತಿರ ಮಾತು ಬೇಕಿದ್ದರೆ ಸೊಪ್ಪು ಬಿಡಿಸಲು, ಈಸ್ಟರ್‌ಗೆ ತ್ಸುರೇಕಿ ಬ್ರೆಡ್ಡು ಜಡೆ ಹೆಣೆಯಲು, ಮೊಟ್ಟೆಗೆ ಕೆಂಪು ಬಣ್ಣ ಹಾಕಲು ಜೊತೆಗೆ ಕೂರುತ್ತೇನೆ. ಫೋನು ಅಲ್ಲೇ ಹಿಟ್ಟಿನ ಡಬ್ಬದ ಪಕ್ಕ ಇರುತ್ತೆ.

ಇನ್ನು ಕಾಗದಗಳ ವಿಷಯ. ಮದುವೆಯ ಪೂರ್ತಿ ಪತ್ರವನ್ನು ಇಲ್ಲಿನ ನೋಂದಣಿ ಕಚೇರಿಯಿಂದ ಹೊಸದಾಗಿ ತೆಗೆಸಬೇಕು. ಅದಕ್ಕೆ ಆಸ್ಟ್ರೇಲಿಯಾದ ವಿದೇಶಾಂಗ ಇಲಾಖೆಯಿಂದ ಅಪೊಸ್ಟೀಲ್, ಅಂದರೆ ಕಾಗದ ಅಸಲಿ ಅಂತ ಹೊರದೇಶದಲ್ಲೂ ಒಪ್ಪುವ ಮೊಹರು, ಹಾಕಿಸಬೇಕು. ಮಾನ್ಯತೆ ಇರುವವರಿಂದ ಗ್ರೀಕ್‌ಗೆ ಅನುವಾದ ಮಾಡಿಸಬೇಕು. ಅನುವಾದದಲ್ಲಿ ಹೆಸರು ಹಳ್ಳಿಯ ಪುಸ್ತಕದಲ್ಲಿ ಇರುವ ಹಾಗೇ ಬರಬೇಕು, ಆದ್ದರಿಂದ ಅನುವಾದಕರಿಗೆ ಆ ಪತ್ರದ ಪ್ರತಿಯನ್ನೂ ಮೊದಲೇ ಕೊಡಬೇಕು. ಆಮೇಲೆ ದೂತಾವಾಸದ ಮೂಲಕ ಗ್ರೀಸಿಗೆ. ಅಲ್ಲಿ ಮದುವೆ ದಾಖಲಾಗಿ, ಮಾವನವರಿಗೆ ಅಂತ ಬೇರೆ ಪುಟ ತೆರೆದು, ಅತ್ತೆಯವರನ್ನು ಅವರ ತೌರಿನ ಪುಟದಿಂದ ಅಲ್ಲಿಗೆ ತಂದ ಮೇಲೆ ಇವರ ಹುಟ್ಟಿನ ಪತ್ರಕ್ಕೂ ಇದೇ ಸುತ್ತು. ಇವರು ಗಂಡಸಾದ್ದರಿಂದ ಸೇನೆಯ ಪ್ರಶ್ನೆ. ಗ್ರೀಸಿನಲ್ಲಿ ಗಂಡಸರಿಗೆ 45ರವರೆಗೆ ಅದರ ಬಾಧ್ಯತೆ ಇರುತ್ತೆ. ಇವರಿಗೆ ಅದು ದಾಟಿತ್ತು. ಚಿಕ್ಕ ವಯಸ್ಸಿನ ಹುಡುಗರಾದರೆ ವಿದೇಶದಲ್ಲೇ ಕಾಯಂ ವಾಸ ಅಂತ ಪತ್ರ ಮಾಡಿಸಿಕೊಳ್ಳಬೇಕು, ಇದನ್ನು ಮರೆತು ಊರಿಗೆ ಹೋಗಿ ತೊಂದರೆ ಪಟ್ಟವರಿದ್ದಾರೆ. ಕೊನೆಗೆ ನಮ್ಮಿಬ್ಬರ ಮದುವೆ. ನಾನು ಹಿಂದೂ ಆದ್ದರಿಂದ ಅವರ ಚರ್ಚಿನಲ್ಲಿ ಮದುವೆ ಆಗುವ ಹಾಗಿರಲಿಲ್ಲ, ರಿಜಿಸ್ಟರ್ ಮದುವೆ ಮಾಡಿಕೊಂಡಿದ್ದೆವು. ಗ್ರೀಸ್ ರಿಜಿಸ್ಟರ್ ಮದುವೆಯನ್ನು ಒಪ್ಪಲು ಶುರು ಮಾಡಿದ್ದು 1982ರಲ್ಲಿ. ಹಾಗಾಗಿ ನಮಗೆ ತೊಡಕಾಗಲಿಲ್ಲ.

ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ. ಒಂದು ಕಚೇರಿಯಲ್ಲಿ ಪೂರ್ತಿ ಕಡತವೇ ಕಾಣೆಯಾಗಿ ಮತ್ತೆ ಮೊದಲಿಂದ ಕೊಡಬೇಕಾಯಿತು. ನಾನು ಪ್ರತಿ ಕಾಗದಕ್ಕೂ ಒಂದು ಹೆಚ್ಚುವರಿ ಪ್ರತಿಗೆ ಮೊಹರು ಹಾಕಿಸಿಟ್ಟಿದ್ದೆ, ಅದು ಉಳಿಸಿತು.

ಹಳೇ ಕಾಗದಗಳನ್ನು ಓದುವುದೂ ಸುಲಭವಲ್ಲ. ಗ್ರೀಸಿನ ಸರ್ಕಾರಿ ಕಾಗದಗಳು 1976ರವರೆಗೆ ಜನ ಮಾತಾಡದ ಒಂದು ಪಂಡಿತ ಭಾಷೆಯಲ್ಲಿ ಇರುತ್ತಿದ್ದವು. ಮಾವನವರ ಸೇನೆಯ ಬಿಡುಗಡೆ ಪತ್ರ ಅದೇ ಭಾಷೆಯಲ್ಲಿದೆ, ಮೇಲೆ ಗುಮಾಸ್ತನ ಕೈಬರಹ ಬೇರೆ. ಶನಿವಾರದ ಗ್ರೀಕ್ ಶಾಲೆಯಲ್ಲಿ ಓದಿದ ಇವರಿಗೆ ಅರ್ಥವಾಗಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವನವರು ನಿಧಾನವಾಗಿ ಬೆರಳಿಟ್ಟು ಓದಿ ಹೇಳಿದರು. ಮಗನಿಗೆ ಕಣ್ಣು ತುಂಬಿ ಬಂದಿತ್ತು.

ಇವರ ಬಾಲ್ಯದ ಬಗ್ಗೆ ಹೇಳಲೇಬೇಕು. ಎಪ್ಪತ್ತರ, ಎಂಬತ್ತರ ದಶಕದಲ್ಲಿ ಇಲ್ಲಿನ ಶಾಲೆಗೆ ಹೋದ ಗ್ರೀಕ್ ಮಕ್ಕಳಿಗೆ ಡಬ್ಬಿ ತೆರೆಯಲು ನಾಚಿಕೆ. ಅಮ್ಮ ಕಟ್ಟಿದ ಸೊಪ್ಪಿನ ಪೈ, ಆಲಿವ್ ಕಾಯಿ ನೋಡಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಬ್ಯಾಂಕು, ಆಸ್ಪತ್ರೆ, ವಕೀಲರ ಕಚೇರಿ ಎಲ್ಲ ಕಡೆ ಹತ್ತು ವರ್ಷದ ಮಗನೇ ದುಭಾಷಿ. ಮಾವನವರ ಕಡೆಯವರು ತಮ್ಮದನ್ನು ಉಳಿಸಿಕೊಳ್ಳಲು ಕಡಿಮೆ ಶ್ರಮ ಪಟ್ಟಿಲ್ಲ. ಮೆಲ್ಬರ್ನ್‌ನ ಗ್ರೀಕ್ ಸಮುದಾಯ ಸಂಸ್ಥೆ 1897ರದ್ದು, ನೆಯೋಸ್ ಕೋಸ್ಮೋಸ್ ಪತ್ರಿಕೆ 1957ರದ್ದು, 1975ರಿಂದ ರೇಡಿಯೊದಲ್ಲಿ ಗ್ರೀಕ್ ಬಂತು. ದ್ವೀಪದವರಿಗೆ ದ್ವೀಪದ ಸಂಘ, ಹಳ್ಳಿಯವರಿಗೆ ಹಳ್ಳಿಯ ಸಂಘ. ಮಾರ್ಚ್ 25ಕ್ಕೆ ಗ್ರೀಸಿನ ಸ್ವಾತಂತ್ರ್ಯದ ದಿನ ಮಕ್ಕಳಿಗೆ ಬಿಳಿ ನೆರಿಗೆಯ ಲಂಗ ತೊಡಿಸಿ ಮೆರವಣಿಗೆ. ಅಷ್ಟೆಲ್ಲ ಇದ್ದರೂ 2021ರ ಜನಗಣತಿ ನೋಡಿ. ಆಸ್ಟ್ರೇಲಿಯಾದಲ್ಲಿ 4 ಲಕ್ಷ 20 ಸಾವಿರಕ್ಕೂ ಹೆಚ್ಚು ಜನ ತಮ್ಮ ಮೂಲ ಗ್ರೀಕ್ ಅಂದಿದ್ದಾರೆ. ಮನೆಯಲ್ಲಿ ಗ್ರೀಕ್ ಮಾತಾಡುತ್ತೇವೆ ಅಂದವರು ಸುಮಾರು 2 ಲಕ್ಷ 30 ಸಾವಿರ. ನೂರಾರು ಶಾಲೆ, ಸಂಘ, ಚರ್ಚು ಇರುವವರಿಗೇ ಹೀಗಾದರೆ, ಈಚೆಗೆ ಬಂದ ನಾವು ಕನ್ನಡದವರು ರಾಜ್ಯೋತ್ಸವಕ್ಕೆ ಒಂದು ಕಾರ್ಯಕ್ರಮ ಮಾಡಿ ಸುಮ್ನೆ ಕೂರುವುದು ಸಾಲದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತೆ. ಹಬ್ಬ, ಊಟ, ಕುಣಿತ ಬೇಕೇ ಬೇಕು. ಆದರೆ ನಮ್ಮ ಮನೆಯಲ್ಲಿ ಹಬ್ಬಗಳು ಹೇಳದೆ ಬಿಟ್ಟದ್ದನ್ನು ಒಂದು ಕಾಗದ ಹೇಳಿತು.

ಅದು ಮಾವನವರ ಅಪ್ಪನ ಪುಟ. ಮದುವೆ ದಾಖಲಿಸಲು ಅದರ ಪೂರ್ತಿ ಪ್ರತಿ ಬೇಕಾಗಿತ್ತು. ಅದರಲ್ಲಿ ಮಾವನವರ ಅಮ್ಮನ ಹೆಸರಿನ ಮುಂದೆ ಹುಟ್ಟಿದ ಊರು ಅಂತ ಇರುವಲ್ಲಿ ಹಳ್ಳಿಯ ಹೆಸರಿಲ್ಲ. ಕಿಡೋನಿಯೆಸ್, ಏಷ್ಯಾ ಮೈನರ್ ಅಂತ ಇದೆ. ಈಗಿನ ಭೂಪಟದಲ್ಲಿ ಅದು ಟರ್ಕಿಯ ಅಯ್ವಾಲಿಕ್. ಲೆಸ್ವೋಸ್‌ನ ಎದುರಿನ ದಡ. 1922ರಲ್ಲಿ ಟರ್ಕಿ ಜೊತೆಗಿನ ಯುದ್ಧದಲ್ಲಿ ಗ್ರೀಕ್ ಸೇನೆ ಸೋತು ಹಿಂದೆ ಸರಿದ ಮೇಲೆ ಆ ಊರಿನ 18ರಿಂದ 45ರವರೆಗಿನ ಗಂಡಸರನ್ನು ಹಿಡಿದು ಒಳನಾಡಿಗೆ ದುಡಿಮೆಯ ದಳಗಳಿಗೆ ಅಟ್ಟಿದರು. ತೀರಾ ಕೆಲವರು ಮಾತ್ರ ವಾಪಸ್ ಬಂದರು. ಅಲ್ಲಿನ ಬಿಷಪ್ ಗ್ರಿಗೋರಿಯೋಸ್ ಓಡಾಡಿ ಮಿತಿಲೀನಿಯಿಂದ ಹಡಗು ತರಿಸಿ ಹೆಂಗಸರು ಮಕ್ಕಳನ್ನು ದಾಟಿಸಿದರು, ತಾವು ಉಳಿದು ಪ್ರಾಣ ಕಳೆದುಕೊಂಡರು. ಮರುವರ್ಷ ಎರಡೂ ದೇಶ ಜನರನ್ನು ಅದಲುಬದಲು ಮಾಡಿಕೊಳ್ಳಲು ಮಾಡಿದ ಒಪ್ಪಂದದಲ್ಲಿ ಈ ದ್ವೀಪದ ಮುಸ್ಲಿಮರೂ ಮನೆ ಮಠ ಬಿಟ್ಟು ಆಚೆ ದಡಕ್ಕೆ ಹೋಗಬೇಕಾಯಿತು. ಮಾವನವರ ಅಮ್ಮ ಆಗ ಚಿಕ್ಕ ಹುಡುಗಿ. ಅಮ್ಮ ನಿರಾಶ್ರಿತರ ಪೈಕಿ ಬಂದವಳು ಅಂತ ಮಾವನವರಿಗೆ ಗೊತ್ತಿತ್ತು, ಮಕ್ಕಳಿಗೆ ಹೇಳಿರಲಿಲ್ಲ. ತಾಯಿಯ ಅಪ್ಪನ ಬಗ್ಗೆ ಆ ಮನೆಯಲ್ಲಿ ಯಾರೂ ಮಾತೇ ಆಡುತ್ತಿರಲಿಲ್ಲವಂತೆ. ಹೆಸರೂ ಹೇಳುತ್ತಿರಲಿಲ್ಲವಂತೆ.

ಆದರೆ ಗ್ರೀಕ್ ದಾಖಲೆಯಲ್ಲಿ ಪ್ರತಿಯೊಬ್ಬರ ಹೆಸರಿನ ಜೊತೆ ಅಪ್ಪನ ಹೆಸರು ಇದ್ದೇ ಇರುತ್ತೆ. ಅಲ್ಲಿ ಬರೆದಿತ್ತು: ಎಫ್‌ಸ್ಟ್ರಾಟಿಯೋಸ್. ಮಾವನವರು ಓದಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನನ್ನ ತಮ್ಮ" ಅಂದರು. ಅವರಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೇ ಮಗನಿಗೆ ಹೆಚ್ಚಾಗಿ ತಾಯಿಯ ತಂದೆಯ ಹೆಸರು. ನಮ್ಮಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತೇವಲ್ಲ, ಹಾಗೆ. ಮಾವನವರ ತಮ್ಮ ಸ್ಟ್ರಾಟಿಸ್. ಮೆಲ್ಬರ್ನ್‌ನ ಕಾರ್ಖಾನೆಯಲ್ಲಿ ಎಲ್ಲರಿಗೂ ಸ್ಟೀವ್. ದ್ವೀಪದಲ್ಲಿ ಆ ಹೆಸರು ಮನೆಗೊಂದು ಇರುವುದರಿಂದ ಎಲ್ಲಿಂದ ಬಂತು ಅಂತ ಯಾರೂ ಯೋಚಿಸಿರಲಿಲ್ಲ. ಬಾಯಿಬಿಟ್ಟು ಹೇಳಲಾಗದ ಅಪ್ಪನ ಹೆಸರನ್ನು ಆ ತಾಯಿ ಮಗನಿಗಿಟ್ಟು ದಿನಾ ಕೂಗಿದ್ದಾರೆ. ಚಿಕ್ಕಮಾವ ತೀರಿಕೊಂಡು ಕೆಲವು ವರ್ಷ ಆಯಿತು, ತನ್ನ ಹೆಸರು ಯಾರದು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಅದೊಂದು ಸಂಕಟ ಉಳಿದುಹೋಯಿತು. ಅವರ ಮೊಮ್ಮಗನಿಗೂ ಅದೇ ಹೆಸರಿದೆ. ಅವನಿಗೆ ಫೋನ್ ಮಾಡಿ ಹೇಳಿದ್ದು ಮಾವನವರೇ.

ಕಳೆದ ಬೇಸಿಗೆಯಲ್ಲಿ ಎಲ್ಲರೂ ಲೆಸ್ವೋಸ್‌ಗೆ ಹೋಗಿ ಬಂದೆವು. ಸ್ಕಾಲಾ ಲುಟ್ರೋನ್ ಅನ್ನುವ ಹಳ್ಳಿಯಲ್ಲಿ 1922ರ ನಿರಾಶ್ರಿತರ ಒಂದು ಚಿಕ್ಕ ಮ್ಯೂಸಿಯಂ ಇದೆ. ಬರುವಾಗ ಹೆಗಲ ಮೇಲೆ ಹೊತ್ತು ತಂದ ಬಟ್ಟೆ, ಪಾತ್ರೆ, ದೇವರ ಪಟ ಇಟ್ಟಿದ್ದಾರೆ. ಅತ್ತೆಯವರು ಒಂದು ದಿಂಬಿನ ಚೀಲದ ಕಸೂತಿ ನೋಡಿ ಇದು ನನ್ನ ಪೆಟ್ಟಿಗೆಯಲ್ಲಿರುವ ಹೊಲಿಗೆಯೇ ಅಂದರು. 2015ರಲ್ಲಿ ಇದೇ ದ್ವೀಪಕ್ಕೆ ಸಿರಿಯಾ, ಅಫ್ಘಾನಿಸ್ತಾನದ ಕಡೆಯಿಂದ 5 ಲಕ್ಷದಷ್ಟು ಜನ ರಬ್ಬರ್ ದೋಣಿಗಳಲ್ಲಿ ಬಂದಿಳಿದಾಗ, 1922ರಲ್ಲಿ ಬಂದವರ ಮಕ್ಕಳು, ಮೊಮ್ಮಕ್ಕಳೇ ಎಷ್ಟೋ ಜನ ದಡದಲ್ಲಿ ನಿಂತು ಹೊದಿಕೆ, ಹಾಲು ಕೊಟ್ಟವರು. ಅಯ್ವಾಲಿಕ್‌ಗೆ ಮಿತಿಲೀನಿಯಿಂದ ದೋಣಿ ಇದೆ. ಮಾವನವರು ಹೋಗಲು ಒಪ್ಪಲಿಲ್ಲ. ಮಗಳೂ ಇವರೂ ಹೋಗಿ ಬಂದರು.

ಪುರಸಭೆ ಕಚೇರಿಯಲ್ಲಿ ಹೊಸ ಕುಟುಂಬ ಪತ್ರ ಕೈಗೆ ಬಂದಾಗ ಗುಮಾಸ್ತೆ ನನ್ನ ಹುಟ್ಟೂರನ್ನು ಗ್ರೀಕ್ ಅಕ್ಷರದಲ್ಲಿ ಹೇಗೆ ಬರೆದಿದ್ದೇನೆ ನೋಡಿ, ಸರಿ ಇದೆಯಾ ಅಂತ ಕೇಳಿದಳು. ನಾನು ಮೈಸೂರು ಅಂತ ಎರಡು ಸಲ ನಿಧಾನವಾಗಿ ಹೇಳಿದೆ. ಅವಳು ಕೊನೆಯ ಅಕ್ಷರ ತಿದ್ದಿದಳು.

ಮಗಳು ಈಗ ಯುರೋಪಿಗೆ ಹೋಗುವ ಮೊದಲು ಧ್ವನಿಮುದ್ರಿಕೆಗಳನ್ನೆಲ್ಲ ಕೇಳಿ ಬರೆದಿಡುತ್ತಿದ್ದಾಳೆ. ಯಾಯಾ ಮಾತಾಡುವುದು ದ್ವೀಪದ ಹಳ್ಳಿಯ ಗ್ರೀಕ್, ಅದನ್ನು ಹಾಗೇ ಬರೆಯಬೇಕು, ಶಾಲೆಯ ಗ್ರೀಕ್‌ಗೆ ತಿದ್ದಬಾರದು ಅಂತ ಅವಳೇ ತೀರ್ಮಾನ ಮಾಡಿದಳು. ಹಳೇ ಫೋಟೊಗಳ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು, ಊರು, ಯಾರ ಮಗ, ಯಾರ ಮಗಳು ಅಂತ ಬರೆಯುತ್ತಿದ್ದೇವೆ. ಪೆನ್ನಿನ ಶಾಯಿ ಮುಂದಿನ ಬದಿಗೆ ಇಳಿಯುತ್ತೆ. ಮುಂದಿನದು ಅತ್ತೆಯವರ ತೌರಿನ ಪುಟ. ಅವರ ಹಳ್ಳಿ ದ್ವೀಪದ ಪಶ್ಚಿಮ ಭಾಗಕ್ಕೆ ಸೇರುವುದರಿಂದ ಅದು ಬೇರೆ ಪುರಸಭೆ, ಅರ್ಜಿ ಕಲ್ಲೋನಿ ಊರಿಗೆ ಹೋಗಿದೆ. ಜೊತೆಗೆ ಅಮ್ಮನಿಗೂ ಫೋನ್ ಮಾಡಿ, ನನ್ನ ಅಜ್ಜಿಯ ತೌರೂರು, ಅವರ ಅಪ್ಪನ ಹೆಸರು ಕೇಳಿ ಬರೆದುಕೊಳ್ಳಲು ಶುರು ಮಾಡಿದ್ದೇನೆ. ಅಮ್ಮನಿಗೆ ಊರು ಗೊತ್ತು, ಹೆಸರು ಗೊತ್ತಿಲ್ಲ. ದೊಡ್ಡಮ್ಮನನ್ನು ಕೇಳಿ ಹೇಳ್ತೀನಿ ಅಂದಿದ್ದಾರೆ.